ಮತ್ತೆ ನೀರಿಗೆ

ಹಳಗನ್ನಡ ಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ಜಲಕ್ರೀಡೆಯೂ ಒಂದು. ಅದನ್ನು ಬರಿಯ ಕವಿಸಮಯವೆಂದು ಬಗೆದು ಪುಟ ಮಗುಚುವವರೇ ಹೆಚ್ಚು. ಆದರೆ ಗದಗ ಸೀಮೆಯ ಬಾವಿಗಳ ಪಾವಟಿಗೆ ಇಳಿದವರಿಗೆ ಹಾಗೆ ತೋರದು. ಪಂಪನು 941ರ ಸುಮಾರಿಗೆ ತನ್ನ ಭಾರತವನ್ನು ಪುಲಿಗೆರೆಯ ತಿರುಳ್ಗನ್ನಡದಲ್ಲಿ ಬರೆದನು. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಊರ ಹೆಸರಿನಲ್ಲಿಯೇ ಕೆರೆಯಿದೆ. ಅಲ್ಲಿಯ ಸೋಮೇಶ್ವರ ಗುಡಿಯ ಆವರಣದಲ್ಲಿ ಪಾವಟಿಗೆಯ ಬಾವಿಯೂ ಇದೆ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ವೇಳೆಗೆ ರಚಿಸಿದ 'ಮಾನಸೋಲ್ಲಾಸ'ದಲ್ಲಿ ನೀರಾಟವನ್ನು ಅರಸನ ಕ್ರೀಡೆಗಳ ಸಾಲಿಗೆ ಸೇರಿಸಿದ್ದಾನೆ. ಆ ಮನೆತನದ ಕಾಲದ ಶಿಲ್ಪವೈಭವವನ್ನು ಲಕ್ಕುಂಡಿಯಲ್ಲಿ ಇಂದಿಗೂ ಕಾಣಬಹುದು. ಮಾಣಿಕೇಶ್ವರ ಗುಡಿಯ ಮಗ್ಗುಲಿನ ಮುಸುಕಿನ ಬಾವಿಯಲ್ಲಿ ಪಾವಟಿಗೆಗಳ ನಡುವೆ ಪುಟ್ಟ ಗುಡಿಗಳಂಥ ಗೂಡುಗಳಿವೆ. ಮಳೆ ನೆಚ್ಚಲಾಗದ ನಾಡಿದು. ಬೇಸಗೆಯಲ್ಲಿ ನೀರು ಕೆಳಗಿಳಿದಂತೆ ಜನರೂ ಇಳಿಯಬೇಕು. ಪಾವಟಿಗೆಗಳು ಹುಟ್ಟಿದ್ದು ಈ ಅಗತ್ಯದಿಂದ. ಅಂದವು ಅದರ ಬೆನ್ನಿಗೆ ಬಂದಿತು.

ಕಾವ್ಯದಲ್ಲಿ ಅರಸನು ರಾಣಿಯರೊಡನೆ ನೀರಾಡಿದನು. ಊರೊಳಗೆ ಹಾಗಿರಲಿಲ್ಲ. ಗಂಡುಹುಡುಗರಿಗೆ ನೀರು ಆಟವಾಯಿತು, ಹೆಣ್ಣುಮಕ್ಕಳಿಗೆ ಕೊಡದ ಭಾರವಾಯಿತು. ಅಪ್ಪನೋ ಕಾಕನೋ ಹುಡುಗನ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, ನಡುವಿಗೆ ಹಗ್ಗ ಬಿಗಿದು ಬಾವಿಗೆ ಇಳಿಸುತ್ತಿದ್ದರು. ಈಸು ಕಲಿಸಲು ಬೇರೆ ಶಾಲೆ ಇರಲಿಲ್ಲ.

ಮನೆಮನೆಗೆ ನಳ ಬಂದಿತು; ಕೊಡದ ಭಾರ ಇಳಿಯಿತು. ಅದು ಒಳ್ಳೆಯದೇ. ಆದರೆ ಬಳಕೆ ತಪ್ಪಿದ ಬಾವಿಗಳಲ್ಲಿ ಹೂಳು ತುಂಬಿತು, ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಸಾಗುತ್ತಿದ್ದ ವಿದ್ಯೆ ನಡುವೆ ಕಡಿಯಿತು. ಈಗ ರಜೆಗೆ ಮಡದಿ ಮಕ್ಕಳೊಡನೆ ಊರಿಗೆ ಬಂದವನು, ಎಳವೆಯಲ್ಲಿ ಈಸಿದ ನೆನಪಿನ ಮೇಲೆ ಮತ್ತೆ ನೀರಿಗಿಳಿಯಲು ಹವಣಿಸುತ್ತಾನೆ. ಕೈಕಾಲುಗಳಿಗೆ ಹಳೆಯ ವರಸೆ ನೆನಪಿರುತ್ತದೆ, ಉಸಿರಿಗೆ ಇರುವುದಿಲ್ಲ. ಮಕ್ಕಳಿಗಂತೂ ನೀರಿನ ಆಳವೇ ತಿಳಿಯದು. ಮುಂಡರಗಿಯ ಕಡೆ, ಹಮ್ಮಿಗಿಯ ಬ್ಯಾರೇಜಿನ ಬಳಿ ತುಂಗಭದ್ರೆ ಮಡುಗಟ್ಟಿ ನಿಂತಿದ್ದಾಳೆ. ಈಸು ಅರಿಯದವನ ಮೇಲೆ ಅವಳಿಗೆ ಕನಿಕರವಿಲ್ಲ.

ಸ್ಮಾರಕವಾಗಿ ಉಳಿದ ಬಾವಿಗಳು ನೋಡುವುದಕ್ಕಿರಲಿ. ಅವುಗಳಲ್ಲಿ ಧುಮುಕುವುದು ಬೇಡ. ಕಾವಲಿರುವ ಈಜುಕೊಳದಲ್ಲಿಯೇ ಆಗಲಿ, ತಂದೆ ಮೊದಲು ತಾನು ಪಳಗಿ ಬಳಿಕ ಮಕ್ಕಳ ಕೈ ಹಿಡಿಯಲಿ. ಈ ಸಲ ಮಗನೊಡನೆ ಮಗಳೂ, ಅವರ ತಾಯಿಯೂ ನೀರಿಗಿಳಿಯಲಿ. ಹಿಂದಿನ ವಿದ್ಯೆಯನ್ನು ಮರಳಿ ತರುವಾಗ ಹಿಂದಿನ ಭೇದವನ್ನೂ ತರಬೇಕಾಗಿಲ್ಲ.