ನೇರಳಾತೀತ ಎಲ್‌ಇಡಿ ಸೋಂಕುನಿವಾರಣೆ

ನೀರು, ಗಾಳಿ ಮತ್ತು ವಸ್ತುಗಳ ಮೇಲಿನ ರೋಗಾಣುಗಳನ್ನು ಅರೆವಾಹಕ ದೀಪದ ನೇರಳಾತೀತ ಬೆಳಕಿನಿಂದ ನಿಷ್ಕ್ರಿಯಗೊಳಿಸುವ ವಿಧಾನ. ಇದಕ್ಕೆ ಒದಗುವುದು 200ರಿಂದ 280 ನ್ಯಾನೊಮೀಟರ್ ತರಂಗಾಂತರದ ಯುವಿ-ಸಿ ಬೆಳಕು. ಅದು ರೋಗಾಣುವಿನ ಡಿಎನ್‌ಎಯಲ್ಲಿ ಅಕ್ಕಪಕ್ಕದ ಥೈಮಿನ್ ಘಟಕಗಳನ್ನು ಒಂದಕ್ಕೊಂದು ಬೆಸೆದುಬಿಡುತ್ತದೆ. ಹಾಗೆ ಡಿಎನ್‌ಎಯ ನಕಲು ತೆಗೆಯಲಾರದ ರೋಗಾಣು ಬದುಕಿದ್ದರೂ ವೃದ್ಧಿಯಾಗದು, ಸೋಂಕು ಹರಡದು. ಸೂರ್ಯನ ಯುವಿ-ಸಿಯನ್ನು ಓಜೋನ್ ಪದರ ಮೇಲೆಯೇ ತಡೆಯುವುದರಿಂದ, ಎಷ್ಟೇ ಬಿಸಿಲಿರುವ ನಾಡಾದರೂ ಈ ಬೆಳಕನ್ನು ದೀಪದಿಂದಲೇ ಪಡೆಯಬೇಕು.

ನೇರಳಾತೀತ ಕಿರಣವನ್ನು ಜರ್ಮನಿಯ ರಿಟ್ಟರ್ 1801ರಲ್ಲಿ ಗುರುತಿಸಿದ. ಬಿಸಿಲು ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುತ್ತದೆಂದು ಇಂಗ್ಲೆಂಡಿನ ಡೌನ್ಸ್ ಮತ್ತು ಬ್ಲಂಟ್ 1877ರಲ್ಲಿ ತೋರಿಸಿದರು. 1910ರಲ್ಲಿ ಫ್ರಾನ್ಸಿನ ಮಾರ್ಸೇಲ್ಸ್ ನಗರ ಪಾದರಸ ಆವಿ ದೀಪಗಳಿಂದ ಕುಡಿಯುವ ನೀರನ್ನು ಶುದ್ಧಗೊಳಿಸಿ ನೋಡಿತು. ಆದರೆ ಆಗಿನ ದೀಪಗಳು ದುಬಾರಿ, ಬೇಗ ಕೆಡುವಂಥವು. ಅಷ್ಟರಲ್ಲಿ ಅಗ್ಗದ ಕ್ಲೋರಿನ್ ಬಂದು ದಶಕಗಳ ಕಾಲ ಬೆಳಕನ್ನು ಬದಿಗೆ ಸರಿಸಿತು. ಕ್ಲೋರಿನ್‌ಗೆ ಜಗ್ಗದ ಕ್ರಿಪ್ಟೋಸ್ಪೋರಿಡಿಯಂ ಎಂಬ ಪರಾವಲಂಬಿ ಅಲ್ಪ ಪ್ರಮಾಣದ ನೇರಳಾತೀತ ಬೆಳಕಿಗೇ ಸೋಲುತ್ತದೆಂದು 1990ರ ದಶಕದ ಕೊನೆಯಲ್ಲಿ ತಿಳಿದ ಮೇಲೆಯೇ ದೊಡ್ಡ ನಗರಗಳು ಮತ್ತೆ ಇತ್ತ ಹೊರಳಿದವು.

ಭಾರತದ ಮನೆಗಳಿಗೆ ಈ ವಿಧಾನ ಬಂದದ್ದು 1984ರಲ್ಲಿ ಮಾರುಕಟ್ಟೆಗಿಳಿದ ಆಕ್ವಾಗಾರ್ಡ್ ಯಂತ್ರದ ಮೂಲಕ. ಹಳ್ಳಿಗಳಿಗೆ ಒಗ್ಗುವ ರೂಪ ಕೊಟ್ಟವರು ಮುಂಬೈ ಮೂಲದ ಭೌತವಿಜ್ಞಾನಿ ಅಶೋಕ್ ಗಾಡ್ಗೀಳ್. 1990ರ ದಶಕದ ಆರಂಭದಲ್ಲಿ ಬಂಗಾಳದಲ್ಲಿ ಹೊಸ ಬಗೆಯ ಕಾಲರಾ ಹಬ್ಬಿದಾಗ ಅವರು ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ‘ಯುವಿ ವಾಟರ್‌ವರ್ಕ್ಸ್’ ರೂಪಿಸಿದರು. ತಾನಾಗಿ ಇಳಿದು ಹರಿಯುವ ನೀರಿನ ಮೇಲೆ ದೀಪವನ್ನು ತೂಗಿಟ್ಟ ತೊಟ್ಟಿ ಅದು. ನಿಮಿಷಕ್ಕೆ ಸುಮಾರು 15 ಲೀಟರ್ ಶುದ್ಧಗೊಳಿಸುತ್ತದೆ. ದೀಪ ನೀರಿಗೆ ತಾಗದ ಕಾರಣ ಅದರ ಮೇಲೆ ಸುಣ್ಣದ ಪೊರೆ ಕಟ್ಟುವುದಿಲ್ಲ. ಗಡಸು ನೀರಿನ ಸೀಮೆಗೆ ಇದಕ್ಕಿಂತ ಜಾಣ ಉಪಾಯ ಕಡಿಮೆ.

ಎಲ್‌ಇಡಿಯ ಕಥೆ ಬೇರೆ ದಾರಿಯಲ್ಲಿ ಬೆಳೆಯಿತು. ನೀಲಿ ಎಲ್‌ಇಡಿಗಾಗಿ 2014ರ ನೊಬೆಲ್ ಪಡೆದ ಅಕಾಸಾಕಿ, ಅಮಾನೊ ಮತ್ತು ನಾಕಾಮುರಾ ಗ್ಯಾಲಿಯಂ ನೈಟ್ರೈಡ್ ಹರಳನ್ನು ಪಳಗಿಸಿದ್ದರು. ಅದಕ್ಕೆ ಅಲ್ಯೂಮಿನಿಯಂ ಬೆರೆಸಿದಷ್ಟೂ ಬೆಳಕು ನೇರಳಾತೀತದ ಕಡೆಗೆ ಜರುಗುತ್ತದೆ. 2000ದ ದಶಕದಲ್ಲಿ ದಕ್ಷಿಣ ಕ್ಯಾರೊಲಿನಾ ವಿಶ್ವವಿದ್ಯಾಲಯದ ಆಸಿಫ್ ಖಾನ್ ಅವರ ತಂಡವೂ ಜಪಾನಿನ ಪ್ರಯೋಗಾಲಯಗಳೂ 280 ನ್ಯಾನೊಮೀಟರಿಗಿಂತ ಕಡಿಮೆ ತರಂಗಾಂತರದ ಎಲ್‌ಇಡಿಗಳನ್ನು ಬೆಳಗಿಸಿದವು. ಪಾದರಸ ಬಳಕೆಯನ್ನು ಕಡಿಮೆ ಮಾಡುವ ಮಿನಾಮಾಟಾ ಒಪ್ಪಂದ 2017ರಲ್ಲಿ ಜಾರಿಗೆ ಬಂದು, 2018ರಲ್ಲಿ ಭಾರತವೂ ಅದನ್ನು ಅನುಮೋದಿಸಿದಾಗ ಪಾದರಸವಿಲ್ಲದ ಈ ದೀಪಕ್ಕೆ ಬೆಲೆ ಬಂತು.

ಆದರೂ ದಕ್ಷತೆಯಲ್ಲಿ ಎಲ್‌ಇಡಿ ಇನ್ನೂ ಹಿಂದಿದೆ. ಪಾದರಸ ದೀಪ ತನಗೆ ಸಿಕ್ಕ ವಿದ್ಯುತ್ತಿನ ಸುಮಾರು ಮೂರನೆಯ ಒಂದು ಭಾಗವನ್ನು ಉಪಯುಕ್ತ ಬೆಳಕಾಗಿಸಿದರೆ, ಯುವಿ-ಸಿ ಎಲ್‌ಇಡಿ ಶೇಕಡಾ ಕೆಲವೇ ಪಾಲನ್ನು ಮಾತ್ರ ಆಗಿಸುತ್ತದೆ. ಉಳಿದದ್ದು ಶಾಖವಾಗಿ ಹಿಂಬದಿಯ ಲೋಹದ ತಳಕ್ಕೆ ಇಳಿಯುತ್ತದೆ. ಹರಿಯುವ ನೀರಿನಿಂದಲೇ ಆ ತಳವನ್ನು ತಣಿಸುವ ಯಂತ್ರಗಳಿವೆ. ಗುಂಡಿ ಒತ್ತಿದ ಕ್ಷಣಕ್ಕೆ ಹೊತ್ತುವುದು, ನಲ್ಲಿ ತಿರುಗಿಸಿದಾಗ ಮಾತ್ರ ಉರಿಯುವುದು, ಸೌರಫಲಕ ಅಥವಾ ಬ್ಯಾಟರಿಯ ಕಡಿಮೆ ವೋಲ್ಟೇಜಿನಲ್ಲೇ ನಡೆಯುವುದು ಎಲ್‌ಇಡಿಯ ಅನುಕೂಲ. ಕರೆಂಟು ಬಂದುಹೋಗುವ ಹಳ್ಳಿಗೆ ಇದು ಸಣ್ಣ ಮಾತಲ್ಲ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಸೀಮೆಯಲ್ಲಿ ಬೆಳಕಿನ ಸೋಂಕುನಿವಾರಣೆ ಕಾಣುವುದು ಹೆಚ್ಚಾಗಿ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ. ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣಾ ಹರಿದರೂ ನಡುವಿನ ಡೋಣಿ ಸವುಳು ನೀರಿನ ಹೊಳೆ. ಕಪ್ಪು ನೆಲದಡಿಯ ಬೋರ್‌ವೆಲ್ ನೀರಿನಲ್ಲಿ ಹಲವೆಡೆ ಲವಣ ಮತ್ತು ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಯಾವ ಬೆಳಕೂ ಫ್ಲೋರೈಡನ್ನು ತೆಗೆಯಲಾರದು. ಹೀಗಾಗಿ ಘಟಕಗಳಲ್ಲಿ ಮರಳು, ಇದ್ದಿಲು ಮತ್ತು ಲವಣ, ಫ್ಲೋರೈಡ್ ತಡೆಯುವ ಆರ್‌ಓ ಪೊರೆ ದಾಟಿದ ಮೇಲೆ, ಕೊನೆಯ ಹಂತದಲ್ಲಿ, ನೇರಳಾತೀತ ದೀಪಕ್ಕೆ ಜಾಗ. ಈ ಘಟಕಗಳ ನೀರನ್ನು ಜನ ಫಿಲ್ಟರ್ ನೀರು ಎನ್ನುತ್ತಾರೆ. ಮಳೆಗಾಲದ ಕೆಂಪು ಹೊಳೆನೀರನ್ನೂ ಮೊದಲು ಸೋಸಬೇಕು. ಕದಡಿದ ನೀರಲ್ಲಿ ರೋಗಾಣು ಮಣ್ಣಿನ ಕಣಗಳ ಮರೆಯಲ್ಲಿ ಉಳಿಯುತ್ತದೆ.

ಇಂಥ ಘಟಕಗಳಲ್ಲಿ ಸಾಮಾನ್ಯವಾಗಿರುವ ಪಾದರಸ ದೀಪಕ್ಕೆ ಒಂದು ದೋಷವಿದೆ. ಬಿಡದೆ ಉರಿದರೆ ಸುಮಾರು ಒಂದು ವರ್ಷಕ್ಕೆ ಅದರ ಕಸುವು ಇಳಿಯುತ್ತದೆ, ಆದರೆ ನೀಲಿ ಹೊಳಪು ಹಾಗೇ ಇರುತ್ತದೆ. ದೀಪ ಉರಿಯುತ್ತಿದೆಯೆಂದು ನಂಬಿ ನೀರು ಕೊಡುವುದು, ಕೊಳ್ಳುವುದು ಎರಡೂ ತಪ್ಪು. ಬೆಳಕನ್ನು ಅಳೆಯುವ ಸಂವೇದಕ ಬೇಕು. ಎಲ್‌ಇಡಿಯ ಬೆಳಕಂತೂ ಬಹುಪಾಲು ಕಣ್ಣಿಗೇ ಕಾಣದು, ಆದ್ದರಿಂದ ಸಂವೇದಕ ಇನ್ನಷ್ಟು ಅಗತ್ಯ.

2020ರ ಕೋವಿಡ್ ಕಾಲದಲ್ಲಿ ಮೊಬೈಲ್, ನೋಟು, ಕೊಠಡಿಗಳಿಗೆ ನೇರಳಾತೀತ ಪೆಟ್ಟಿಗೆ ಮತ್ತು ಗೋಪುರಗಳು ಬಂದವು. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಕೂಡ ಅಂಥವನ್ನು ತಯಾರಿಸಿತು. ಕೈ, ಚರ್ಮಗಳಿಗೆ ಈ ಬೆಳಕನ್ನು ಬಳಸಕೂಡದೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಬೇಕಾಯಿತು. ಬೆಳಕು ಕಣ್ಣಿಗೂ ಹಾನಿಕರ.

ನೇರಳಾತೀತ ವಿಧಾನದ ದೊಡ್ಡ ಮಿತಿ ಅದು ನೀರಲ್ಲಿ ಏನನ್ನೂ ಉಳಿಸದಿರುವುದು. ರುಚಿ ಕೆಡದಿರಲು ಇದೇ ಕಾರಣ, ದೀಪ ದಾಟಿದ ನೀರು ತೊಟ್ಟಿ ಅಥವಾ ಕೊಳವೆಯಲ್ಲಿ ಮತ್ತೆ ಮಲಿನವಾಗಲೂ ಇದೇ ಕಾರಣ. ನೀರಿನ ಮಾಲಿನ್ಯ ಸಣ್ಣ ಅಪಾಯವಲ್ಲ: 2022ರಲ್ಲಿ ರಾಯಚೂರು, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಜೀವಗಳನ್ನು ಬಲಿ ಪಡೆಯಿತು. ಆದ್ದರಿಂದ ಎಲ್‌ಇಡಿಯು ನೀರು ಹಿಡಿಯುವ ನಲ್ಲಿಯ ತುದಿಗೆ ತಕ್ಕ ದೀಪ. ದೂರದ ಕೊಳವೆ ಪೂರೈಕೆಗೆ ನೀರಲ್ಲೇ ಉಳಿಯುವ ಕ್ಲೋರಿನ್ ಬೇಕೇ ಬೇಕು, ಅದೂ ಬಳಕೆದಾರರ ನಲ್ಲಿಯವರೆಗೆ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು.