ಪರದೆಯ ಹಿಂದಿನ ದುಭಾಷಿ

ಕಂಪ್ಯೂಟರಿನ ಜಗತ್ತಿನಲ್ಲಿ ಡ್ರೈವರ್ ಎಂದರೆ ವಾಹನ ಓಡಿಸುವವನಲ್ಲ. ಅದೊಂದು ಸಣ್ಣ ತಂತ್ರಾಂಶ. ಯಂತ್ರದ ಒಂದೊಂದು ಬಿಡಿಭಾಗಕ್ಕೂ ತನ್ನದೇ ಆದ ಸಂಕೇತ ಭಾಷೆ ಉಂಟು. ಇಡೀ ಯಂತ್ರವನ್ನು ನಡೆಸುವ ಕಾರ್ಯಾಚರಣೆ ವ್ಯವಸ್ಥೆಗೆ ಆ ಭಾಷೆ ತಿಳಿಯದು. ಎರಡರ ನಡುವೆ ನಿಂತು ಮಾತು ದಾಟಿಸುವ ದುಭಾಷಿಯೇ ಡ್ರೈವರ್. ಪರದೆಯ ಮೇಲೆ ಅಕ್ಷರ, ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಸರಿಯಾದ ದುಭಾಷಿ ಸಿಗದಿದ್ದರೆ, ಉಳಿದೆಲ್ಲವೂ ಸರಿಯಾಗಿದ್ದರೂ ಬಳಸುವವರ ಪಾಲಿಗೆ ಕಂಪ್ಯೂಟರು ಬರೀ ಕತ್ತಲೆಯ ಪೆಟ್ಟಿಗೆ.

ವಿಂಡೋಸ್ ಬಳಸುವವರಿಗೆ ಈ ದುಭಾಷಿಯನ್ನು ಕಾರ್ಡ್ ತಯಾರಿಸಿದ ಕಂಪನಿಯೇ ಒದಗಿಸುತ್ತದೆ. ಲಿನಕ್ಸ್‌ನಂಥ ಮುಕ್ತ ವ್ಯವಸ್ಥೆಯ ಸಂಗತಿ ಬೇರೆ. ಅದು ಯಾವುದೇ ಒಂದು ಕಂಪನಿಯ ಸೊತ್ತಲ್ಲ. ಅದರ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಹೀಗಿರುವಾಗ ಕಾರ್ಡಿನ ಗುಟ್ಟನ್ನು ಕಂಪನಿ ಬಿಟ್ಟುಕೊಡದಿದ್ದರೆ ಡ್ರೈವರನ್ನು ಬರೆಯುವವರು ಯಾರು? ಈ ಪ್ರಶ್ನೆಗೆ ನಾಲ್ಕು ದಶಕಗಳ ಇತಿಹಾಸವಿದೆ.

ಮುಕ್ತ ತಂತ್ರಾಂಶದ ಚಳವಳಿ ಹುಟ್ಟಿದ್ದರ ಹಿಂದೆಯೂ ಇಂಥದೇ ಒಂದು ತಕರಾರು ಇದ್ದುದು ಗಮನಾರ್ಹ. 1980ರ ಸುಮಾರಿಗೆ ಅಮೆರಿಕದ ಎಂ.ಐ.ಟಿ. ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿ ಲೇಸರ್ ಪ್ರಿಂಟರೊಂದನ್ನು ಕೊಟ್ಟಿತ್ತು. ಅದರಲ್ಲಿ ಕಾಗದ ಸಿಕ್ಕಿಕೊಂಡರೆ ದೂರದಲ್ಲಿ ಕುಳಿತವರಿಗೆ ತಿಳಿಯುತ್ತಿರಲಿಲ್ಲ. ಹಳೆಯ ಪ್ರಿಂಟರಿನ ತಂತ್ರಾಂಶವನ್ನು ತಿದ್ದಿ ಈ ತೊಂದರೆಗೆ ಉಪಾಯ ಹುಡುಕಿದ್ದ ರಿಚರ್ಡ್ ಸ್ಟಾಲ್‌ಮನ್ ಅವರು ಹೊಸದಕ್ಕೂ ಹಾಗೆಯೇ ಮಾಡಲು ಹೊರಟರು. ಆದರೆ ಅದರ ಮೂಲ ಬರಹ ಸಿಗಲಿಲ್ಲ. ಅದನ್ನು ಇಟ್ಟುಕೊಂಡಿದ್ದ ಬೇರೊಂದು ವಿಶ್ವವಿದ್ಯಾನಿಲಯದವರು, ಗೋಪ್ಯತೆಯ ಕರಾರಿಗೆ ಸಹಿ ಹಾಕಿದ್ದೇವೆಂದು ಕೈಯಾಡಿಸಿಬಿಟ್ಟರು. 1983ರ ಸೆಪ್ಟೆಂಬರಿನಲ್ಲಿ ಸ್ಟಾಲ್‌ಮನ್ ಘೋಷಿಸಿದ ಗ್ನೂ ಯೋಜನೆಯ ಹಿನ್ನೆಲೆಯಲ್ಲಿ ಈ ಅನುಭವವೂ ಇತ್ತು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆದ ಲಿನಕ್ಸ್ ತಿರುಳು ಆ ಯೋಜನೆಯ ತಂತ್ರಾಂಶಗಳೊಡನೆ ಸೇರಿ ಪೂರ್ಣ ವ್ಯವಸ್ಥೆಯಾಯಿತು.

ಆರಂಭದ ದಿನಗಳಲ್ಲಿ ಲಿನಕ್ಸ್ ಪರದೆಯ ಮೇಲೆ ಚಿತ್ರ ಮೂಡಿಸುವುದು ಒಂದು ಸಾಹಸವೇ ಆಗಿತ್ತು. 1992ರಲ್ಲಿ ಶುರುವಾದ ಎಕ್ಸ್‌ಫ್ರೀ86 ಎಂಬ ತಂತ್ರಾಂಶ ಆ ಕೆಲಸ ಮಾಡುತ್ತಿತ್ತು. ಕಾರ್ಡಿನ ಜಾತಿ ಯಾವುದು, ಅದರಲ್ಲಿ ಸ್ಮೃತಿ ಎಷ್ಟು, ಮಾನಿಟರು ಸೆಕೆಂಡಿಗೆ ಎಷ್ಟು ಬಾರಿ ಪರದೆಯನ್ನು ಹೊಸದಾಗಿ ಬರೆಯಬಲ್ಲದು ಎಂಬುದನ್ನೆಲ್ಲ ಬಳಸುವವರೇ ಒಂದು ಕಡತದಲ್ಲಿ ತುಂಬಬೇಕಿತ್ತು. ಅಂಕಿ ತಪ್ಪಿದರೆ ಅಂದಿನ ಗಾಜಿನ ಕೊಳವೆಯ ಮಾನಿಟರಿಗೇ ಹಾನಿಯಾಗಬಹುದೆಂಬ ಎಚ್ಚರಿಕೆ ಕೈಪಿಡಿಗಳಲ್ಲಿ ಇರುತ್ತಿತ್ತು.

ಕರ್ನಾಟಕಕ್ಕೆ ಲಿನಕ್ಸ್ ಬಂದದ್ದು ಇದೇ ಕಾಲದಲ್ಲಿ. 1995ರ ಆಗಸ್ಟ್ 15ರಂದು ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದುಕೊಂಡಿತಾದರೂ ದೂರವಾಣಿ ತಂತಿಯಲ್ಲಿ ಸೆಕೆಂಡಿಗೆ 9,600 ಬಿಟ್‌ನಷ್ಟು ವೇಗವೇ ದೊಡ್ಡದೆನಿಸಿತ್ತು. ಆ ವೇಗದಲ್ಲಿ ಒಂದು ಸಿ.ಡಿ.ಯಷ್ಟು ತಂತ್ರಾಂಶ ಇಳಿಸಿಕೊಳ್ಳಲು ಹಗಲೂ ರಾತ್ರಿ ಸೇರಿ ಆರು ದಿನಕ್ಕೂ ಹೆಚ್ಚು ಹಿಡಿಯುತ್ತದೆ. ಬೆಂಗಳೂರಿನ ಅತುಲ್ ಚಿಟ್ನಿಸ್ ಅವರು ಇದಕ್ಕೊಂದು ದಾರಿ ಕಂಡರು. 1996ರಿಂದ ಪಿಸಿ ಕ್ವೆಸ್ಟ್ ಪತ್ರಿಕೆಯ ಜೊತೆಗೇ ಲಿನಕ್ಸ್ ಸಿ.ಡಿ. ಓದುಗರ ಕೈಸೇರುವಂತಾಯಿತು. ಕಾರ್ಡಿನ ಡ್ರೈವರು ಕೈಕೊಟ್ಟವರಿಗೆ ಆಸರೆಯಾದದ್ದು ಬೆಂಗಳೂರಿನ ಲಿನಕ್ಸ್ ಬಳಕೆದಾರರ ಕೂಟದಂಥ ಬಳಗಗಳು. ಒಬ್ಬರು ಕಂಡುಕೊಂಡ ಪರಿಹಾರ ಹತ್ತು ಜನರಿಗೆ ಒದಗುತ್ತಿತ್ತು. 2001ರಲ್ಲಿ ಆರಂಭವಾದ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ ಮುಂದೆ ‘ಫಾಸ್.ಇನ್’ ಎಂಬ ಹೆಸರಿನಲ್ಲಿ 2012ರವರೆಗೆ ನಡೆಯಿತು. ಅದರ ಮರುವರ್ಷ ಚಿಟ್ನಿಸ್ ತೀರಿಕೊಂಡರು.

ಇಷ್ಟರಲ್ಲಿ ಗ್ರಾಫಿಕ್ಸ್ ಕಾರ್ಡು ಸಂಕೀರ್ಣವಾಗುತ್ತ ಹೋಯಿತು, ಕಂಪನಿಗಳ ಗುಟ್ಟೂ ಬಿಗಿಯಾಯಿತು. ಇಂಟೆಲ್ ತನ್ನ ಲಿನಕ್ಸ್ ಡ್ರೈವರನ್ನು ಮುಕ್ತವಾಗಿಯೇ ಬರೆಸಿತು. ಆ ಕೆಲಸದಲ್ಲಿ ಬೆಂಗಳೂರಿನ ಎಂಜಿನಿಯರುಗಳ ಪಾಲೂ ಇದೆ. ಎ.ಟಿ.ಐ. ಕಂಪನಿಯನ್ನು ಕೊಂಡ ಎ.ಎಂ.ಡಿ. 2007ರಲ್ಲಿ ತನ್ನ ಕಾರ್ಡುಗಳ ತಾಂತ್ರಿಕ ವಿವರಗಳನ್ನು ಪ್ರಕಟಿಸಲು ಒಪ್ಪಿತು. ಎನ್ವಿಡಿಯಾ ಮಾತ್ರ ಡ್ರೈವರನ್ನು ಕೊಟ್ಟರೂ ಅದರ ಮೂಲ ಬರಹವನ್ನು ಮುಚ್ಚಿಟ್ಟಿತು. ಹೀಗಾಗಿ ಕೆಲವು ಸ್ವಯಂಸೇವಕರು, ಕಂಪನಿಯ ಡ್ರೈವರು ಕಾರ್ಡಿನೊಡನೆ ಏನೇನು ಮಾತಾಡುತ್ತದೆ ಎಂಬುದನ್ನು ಹೊರಗಿನಿಂದಲೇ ಗಮನಿಸುತ್ತ ಆ ಭಾಷೆಯನ್ನು ಕಲಿತರು. ಗೊತ್ತಿಲ್ಲದ ಲಿಪಿಯ ಶಾಸನವನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಓದಿದಂಥ ಕೆಲಸವಿದು. ಹಾಗೆ ಹುಟ್ಟಿದ ‘ನೂವೋ’ ಡ್ರೈವರು 2010ರಲ್ಲಿ ಲಿನಕ್ಸ್ ತಿರುಳಿನೊಳಗೆ ಸೇರಿತು. 2012ರಲ್ಲಿ ಟೊರ್ವಾಲ್ಡ್ಸ್ ಅವರು ಫಿನ್ಲೆಂಡಿನ ಸಭೆಯೊಂದರಲ್ಲಿ ಎನ್ವಿಡಿಯಾದ ಧೋರಣೆಯನ್ನು ಕಟುವಾಗಿ ಖಂಡಿಸಿದರು. ಹತ್ತು ವರ್ಷಗಳ ಅನಂತರ, 2022ರ ಮೇ ತಿಂಗಳಲ್ಲಿ, ಕಂಪನಿಯು ಹೊಸ ಕಾರ್ಡುಗಳ ಮಟ್ಟಿಗೆ ತಿರುಳಿಗೆ ಸಂಬಂಧಿಸಿದ ಭಾಗವನ್ನು ಮುಕ್ತಗೊಳಿಸಿತು. ಉಳಿದ ದೊಡ್ಡ ಭಾಗ ಗುಟ್ಟಾಗಿಯೇ ಉಳಿಯಿತು.

ಇಂದು ಲಿನಕ್ಸ್‌ನಲ್ಲಿ ಪರದೆ ಕೈಕೊಡುವ ಪ್ರಸಂಗಗಳನ್ನು ನೋಡಿದರೆ ಈ ಇತಿಹಾಸದ ಗುರುತುಗಳೇ ಕಾಣುತ್ತವೆ. ಮುಚ್ಚಿಟ್ಟ ಡ್ರೈವರನ್ನು ತಿರುಳಿನ ಒಂದು ನಿರ್ದಿಷ್ಟ ಆವೃತ್ತಿಗೆ ಹೊಂದಿಸಬೇಕಾಗುತ್ತದೆ. ತಿರುಳು ಬದಲಾದೊಡನೆ ಮತ್ತೆ ಹೊಂದಿಸದಿದ್ದರೆ ಮರುದಿನ ಪರದೆ ಕಪ್ಪು. ಕಂಪನಿಯ ತಾಣದಿಂದ ನೇರವಾಗಿ ಇಳಿಸಿಕೊಂಡವರಿಗೆ ಈ ತೊಂದರೆ ಹೆಚ್ಚು. ಉಬುಂಟುವಿನಂಥ ವ್ಯವಸ್ಥೆ ತಾನೇ ಒದಗಿಸುವ ಡ್ರೈವರನ್ನು ಆರಿಸಿಕೊಂಡರೆ ಈ ಹೊಂದಾಣಿಕೆ ಸಾಮಾನ್ಯವಾಗಿ ತಾನಾಗಿ ನಡೆಯುತ್ತದೆ. ಒಂದೇ ಕಾರ್ಡನ್ನು ನೂವೋ ಮತ್ತು ಕಂಪನಿಯ ಡ್ರೈವರು ಎರಡೂ ಹಿಡಿಯಲು ಹೋದರೆ ಕೆಲಸ ಕೆಡುತ್ತದೆ. ‘ಸೆಕ್ಯೂರ್ ಬೂಟ್’ ಎಂಬ ಕಾವಲು ಇರುವ ಯಂತ್ರಗಳು ಅಧಿಕೃತ ಸಹಿಯಿಲ್ಲದ ಡ್ರೈವರನ್ನು ಒಳಗೆ ಬಿಡುವುದಿಲ್ಲ. ಪರದೆ ಪೂರ್ತಿ ಕಪ್ಪಾದಾಗ, ಯಂತ್ರ ಶುರುವಾಗುವ ಹೊತ್ತಿನಲ್ಲಿ ‘ನೋಮೋಡ್‌ಸೆಟ್’ ಎಂಬ ಪದ ಸೇರಿಸಿದರೆ ಸರಳ ರೂಪದಲ್ಲಾದರೂ ಚಿತ್ರ ಮೂಡುವುದುಂಟು. ಆಮೇಲೆ ‘ಎಲ್ಎಸ್‌ಪಿಸಿಐ’ ಆದೇಶದಿಂದ ಕಾರ್ಡು ಯಾವುದೆಂದೂ, ‘ಡಿಮೆಸ್ಗ್’ ಆದೇಶದಿಂದ ತಿರುಳಿನ ದಿನಚರಿಯಲ್ಲಿ ಏನು ದಾಖಲಾಗಿದೆಯೆಂದೂ ನೋಡಿ ಮುಂದುವರಿಯಬೇಕು.

ಇದು ಪಟ್ಟಣದ ಹವ್ಯಾಸಿಗಳ ಗೋಳು ಮಾತ್ರವಲ್ಲ. ಡಿ.ಎಸ್.ಇ.ಆರ್.ಟಿ. ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ 2011ರಲ್ಲಿ ಆರಂಭಿಸಿದ ವಿಷಯ ಶಿಕ್ಷಕರ ವೇದಿಕೆಯ ಮೂಲಕ ರಾಜ್ಯದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗೂ ಉಬುಂಟು ಪರಿಚಯವಾಯಿತು. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಬಾಗೂರಿನಂಥ ಊರನ್ನು ನೆನೆದರೆ ಡ್ರೈವರಿನ ಪ್ರಶ್ನೆಯ ತೂಕ ತಿಳಿಯುತ್ತದೆ. ಅಂಥ ಊರಿನಲ್ಲಿ ಕಂಪ್ಯೂಟರು ಒಮ್ಮೆ ಬಂದರೆ ಹತ್ತಾರು ವರ್ಷ ಬಾಳಬೇಕು. ಕಂಪನಿಯ ಲೆಕ್ಕವೇ ಬೇರೆ. 2010ರ ಆಸುಪಾಸಿನಲ್ಲಿ ಬಂದ ಕಾರ್ಡುಗಳಿಗೆ ಬೇಕಾದ 390 ಸರಣಿಯ ಡ್ರೈವರಿನ ಆರೈಕೆಯನ್ನು ಎನ್ವಿಡಿಯಾ 2022ರ ಕೊನೆಗೆ ನಿಲ್ಲಿಸಿತು. ಕಾರ್ಡು ಕೆಟ್ಟಿರಲಿಲ್ಲ, ದುಭಾಷಿಯಷ್ಟೇ ಕೆಲಸ ಬಿಟ್ಟಿದ್ದ. ಆ ಕಾರ್ಡುಗಳಿಗೆ ಹೊಸ ಲಿನಕ್ಸ್‌ನಲ್ಲೂ ಜೀವ ಉಳಿಸಿರುವುದು, ವೇಗ ಕಡಿಮೆಯಾದರೂ, ಸ್ವಯಂಸೇವಕರು ಬಿಡಿಸಿ ಬರೆದ ನೂವೋ. ಗುಟ್ಟಾಗಿಟ್ಟ ವಿದ್ಯೆ ಮಾಲೀಕನ ಆಸಕ್ತಿ ಇರುವವರೆಗೆ ಬಾಳುತ್ತದೆ. ಹಂಚಿದ ವಿದ್ಯೆ ಅದನ್ನು ಬಲ್ಲವನು ಒಬ್ಬನಿರುವವರೆಗೂ ಬಾಳುತ್ತದೆ.