ಬೋರ್ಡೋ ಸೀಮೆಯ ಸೈಕಲ್ ದಾರಿ: ಯಾರು ಮಾಡಿದ್ದು, ಯಾರಿಗೆ ಉಳಿದದ್ದು

ನಮ್ಮ ಭಾಗದ ದ್ರಾಕ್ಷಿ ಪಡದಾಗ ಬೋರ್ಡೋ ಹೊಡೆಯದವರು ಯಾರಿದ್ದಾರ್ರಿ? ಚಾಟ್ನಿ ಆದ ಮೇಲೆ ಮೈಲುತುತ್ತ, ಸುಣ್ಣ ಕಲಸೋದು ನಮಗೆಲ್ಲ ರೂಢಿ. ಆದರೆ ಬೋರ್ಡೋ ಅನ್ನೋದು ಮೂಲದಲ್ಲಿ ಔಷಧಿ ಹೆಸರಲ್ಲ, ಫ್ರಾನ್ಸ್ ದೇಶದ ಒಂದು ಊರು. ಆ ಊರಿಂದ ಹಿಡಿದು ಅತ್ತ ಸಮುದ್ರದ ದಂಡೆಯವರೆಗೆ, ಇತ್ತ ಬರ್ಗಂಡಿ ಸೀಮೆಯವರೆಗೆ, ದ್ರಾಕ್ಷಿ ತೋಟಗಳ ನಡುವೆ ಈಗ ಕಾರು, ಲಾರಿ ಓಡದ ಸೈಕಲ್ ದಾರಿಗಳಿವೆ. ಬೇರೆ ಬೇರೆ ದೇಶದ ಜನ ಬಟ್ಟೆ ಚೀಲ ಕಟ್ಟಿಕೊಂಡು ವಾರಗಟ್ಟಲೆ ಅಲ್ಲಿ ಸೈಕಲ್ ತುಳೀತಾರೆ. ಫೋಟೋದಾಗ ನೋಡಿದ್ರೆ ಅದು ಪ್ರವಾಸಿಗರ ದಾರಿ. ಇತಿಹಾಸ ನೋಡಿದ್ರೆ ರೈತರ ಹೊರೆ ಹೊತ್ತ ದಾರಿ. ಇವತ್ತಿನ ಟಿಪ್ಪಣಿ ಅದರ ಬಗ್ಗೆ. ಸ್ವಲ್ಪ ಉದ್ದ ಐತಿ, ಸಂಜೆ ಪುರುಸೊತ್ತು ಆದಾಗ ಓದ್ರಿ.

ಮೊದಲನೇ ದಾರಿ ಕಾಲುವೆಯದು. ದಕ್ಷಿಣ ಫ್ರಾನ್ಸಿನ ಬೆಜಿಯೇ ಊರಿನ ಪಿಯರ್ ಪಾಲ್ ರಿಕೆ ಅನ್ನುವವನು ಉಪ್ಪಿನ ಸುಂಕ ವಸೂಲಿ ಮಾಡುವ ಗುತ್ತಿಗೆದಾರ. ಅಟ್ಲಾಂಟಿಕ್ ಕಡೆಯಿಂದ ಮೆಡಿಟರೇನಿಯನ್ ಕಡೆಗೆ ದೋಣಿ ಹೋಗುವ ಕಾಲುವೆ ತೋಡಬೇಕು ಅಂತ ಹಟ ಹಿಡಿದ. 1666ರಲ್ಲಿ 14ನೇ ಲೂಯಿ ರಾಜನ ಅಪ್ಪಣೆ ಸಿಕ್ಕಿತು. ದೊಡ್ಡ ತೊಡಕು ನೀರಿಂದು. ನಡುವಿನ ಎತ್ತರದ ಜಾಗಕ್ಕೆ ನೀರು ತರೋದು ಹೆಂಗ? ಬೆಟ್ಟದ ಹಳ್ಳಗಳ ನೀರನ್ನು ತಿರುಗಿಸಿ, ಸೇಂಟ್ ಫೆರಿಯೋಲ್ ಅನ್ನುವಲ್ಲಿ ಕೆರೆ ಕಟ್ಟಿ, ಅಲ್ಲಿಂದ ಸಣ್ಣ ಕಾಲುವೆಯಲ್ಲಿ ನೊರೂಜ್ ದಿಬ್ಬಕ್ಕೆ ತಂದ. ಅಲ್ಲಿಂದ ನೀರು ಎರಡೂ ಕಡೆಗೆ ಇಳಿಯುತ್ತದೆ. ಕೆಲಸ ಜೋರಿದ್ದಾಗ ಸುಮಾರು 12,000 ಜನ ಗಂಡಸರು, ಹೆಂಗಸರು ದುಡಿದರು. ಮಳೆ ಬಂದ ದಿನಕ್ಕೂ, ಕಾಯಿಲೆ ಬಿದ್ದ ದಿನಕ್ಕೂ ರಿಕೆ ಕೂಲಿ ಕೊಡುತ್ತಿದ್ದ. ಸ್ವಂತ ದುಡ್ಡೂ ಸುರಿದ. 1680ರಲ್ಲಿ ಸತ್ತ, 1681ರಲ್ಲಿ ಕಾಲುವೆ ತೆರೆಯಿತು. ಕಾಲುವೆ ನೋಡುವ ಭಾಗ್ಯ ಅವನಿಗಿಲ್ಲ, ಸಾಲ ಮಾತ್ರ ಮಕ್ಕಳ ತಲೆ ಮೇಲೆ ಬಂತು. 240 ಕಿಲೋಮೀಟರಿನ ಈ ಕಾಲುವೆಗೆ ಈಗ ಕನಾಲ್ ದ್ಯು ಮಿದಿ ಅಂತ ಹೆಸರು. 1996ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು.

ಆಗ ದೋಣಿಗೆ ಇಂಜಿನ್ ಇರಲಿಲ್ಲ. ಕುದುರೆ, ಹೇಸರಗತ್ತೆ ದಂಡೆಯ ಮೇಲೆ ನಡೆಯುತ್ತ ಹಗ್ಗದಿಂದ ದೋಣಿ ಎಳೆಯಬೇಕು. ಅದಕ್ಕಾಗಿ ನೀರಿನ ಬದಿಗೇ ಉದ್ದಕ್ಕೂ ಏರಿ ದಾರಿ ಬಿಟ್ಟಿದ್ದರು. ಗೋಧಿ, ದ್ರಾಕ್ಷಾರಸದ ಪೀಪಾಯಿ ಎಲ್ಲ ಆ ಕುದುರೆಗಳ ಬೆನ್ನ ಹಿಂದೆ ಸಾಗಿದವು. ಇವತ್ತು ಸೈಕಲ್ ತುಳಿಯುವುದು ಅದೇ ಕುದುರೆ ದಾರಿಯ ಮೇಲೆ. ಕಾಲುವೆ ಸಮಮಟ್ಟ ಇರೋದರಿಂದ ಏರಿಯೂ ಸಮಮಟ್ಟ. ಅದಕ್ಕೇ ಮಕ್ಕಳು ಮುದುಕರೂ ಅಲ್ಲಿ ಸಲೀಸಾಗಿ ಸೈಕಲ್ ಹೊಡೀತಾರೆ.

ಎರಡನೇ ದಾರಿ ರೈಲಿಂದು. 1857ರಲ್ಲಿ ಬೋರ್ಡೋದಿಂದ ಸೆತ್ ಬಂದರಿನವರೆಗೆ ರೈಲು ಪೂರ್ತಿ ಆಯಿತು. ಮರುವರ್ಷವೇ ಸರ್ಕಾರ ಕಾಲುವೆಯನ್ನು 40 ವರ್ಷದ ಗುತ್ತಿಗೆಗೆ ಕೊಟ್ಟಿತು. ಯಾರಿಗೆ ಗೊತ್ತೇನು? ಅದೇ ರೈಲು ಕಂಪನಿಗೆ! ಕುರಿ ಕಾಯಲು ತೋಳಕ್ಕೆ ಹೇಳಿದಂಗಾಯಿತು. ಕಾಲುವೆ ಸೊರಗಿತು, ಸರಕೆಲ್ಲ ರೈಲಿಗೆ ಹೋಯಿತು.

ರೈಲು ಬಂದದ್ದು ದಕ್ಷಿಣದ ಲಾಂಗ್ಡಾಕ್ ಸೀಮೆಯ ರೈತರಿಗೆ ಮೊದಮೊದಲು ಹಬ್ಬ. ಪ್ಯಾರಿಸ್ಸಿನ, ಉತ್ತರದ ಕಾರ್ಖಾನೆ ಊರುಗಳ ಕೂಲಿಕಾರರಿಗೆ ಅಗ್ಗದ ವೈನ್ ಬೇಕಿತ್ತು. ದಕ್ಷಿಣದವರು ಗೋಧಿ ಬಿಟ್ಟು, ಬಯಲಿಗೆಲ್ಲ ದ್ರಾಕ್ಷಿ ಹಾಕಿದರು. ಆರಾಮೋನ್ ಅನ್ನುವ, ರುಚಿ ಕಡಿಮೆ ಇಳುವರಿ ಹೆಚ್ಚು ಇರುವ ತಳಿ. ಪ್ಯಾರಿಸ್ ಸುತ್ತಮುತ್ತ ಹಿಂದಿನಿಂದ ಇದ್ದ ದ್ರಾಕ್ಷಿ ತೋಟಗಳು ಈ ಪೈಪೋಟಿಗೆ ತಾಳದೆ ಹೋದವು. ಒಬ್ಬರಿಗೆ ಸಂತೆ ಹತ್ತಿರ ಬಂದರೆ ಇನ್ನೊಬ್ಬರ ಸಂತೆ ಕೈಬಿಡುತ್ತದೆ, ದಾರಿಯ ಗುಣವೇ ಅದು.

ದಾರಿಯಲ್ಲಿ ಸರಕಷ್ಟೇ ಬರಲ್ರಿ, ರೋಗವೂ ಬರುತ್ತದೆ. ಅಮೆರಿಕದಿಂದ ತಂದ ಸಸಿಗಳ ಜೊತೆ ಫಿಲೋಕ್ಸೆರಾ ಅನ್ನುವ ಬೇರಿನ ಹೇನು ಬಂತು. 1863ರ ಹೊತ್ತಿಗೆ ರೋನ್ ನದಿ ಬದಿಯ ತೋಟಗಳು ಕಾರಣವೇ ತಿಳಿಯದೆ ಒಣಗಿದವು. 1868ರಲ್ಲಿ ಪ್ಲಾಂಶೋನ್ ಮತ್ತು ಜೊತೆಗಾರರು ಬೇರು ಅಗೆದು ನೋಡಿದಾಗ ಕೀಟ ಸಿಕ್ಕಿತು. ಕೊನೆಗೆ ಉಳಿಸಿದ್ದು ಕಸಿ. ಕೆಳಗೆ ಅಮೆರಿಕದ ಬೇರು, ಮೇಲೆ ಫ್ರಾನ್ಸಿನ ತಳಿ. ಸುಣ್ಣದ ನೆಲದಲ್ಲಿ ಆ ಬೇರೂ ಹಳದಿಯಾದಾಗ 1887ರಲ್ಲಿ ಪಿಯರ್ ವಿಯಾಲಾ ಅನ್ನುವ ಪಂಡಿತ ಅಮೆರಿಕಕ್ಕೆ ಹೋದ. ಟೆಕ್ಸಾಸ್ ರಾಜ್ಯದ ಮನ್ಸನ್ ಅನ್ನುವ ಕಾಡುದ್ರಾಕ್ಷಿ ತಜ್ಞ ಅವನಿಗೆ ಸುಣ್ಣ ತಾಳುವ ಬಳ್ಳಿ ತೋರಿಸಿದ. ನಾವು ಥಾಮ್ಸನ್ ಕಸಿ ಕಟ್ಟುವ ಡಾಗ್ರಿಜ್ ಬೇರೂ ಅದೇ ಟೆಕ್ಸಾಸ್ ಕಡೆಯದು. ಅವರು ಹೇನಿಗಾಗಿ ಕಟ್ಟಿದರು, ನಾವು ನೀರಿನ ಬರ, ಉಪ್ಪುನೆಲಕ್ಕಾಗಿ ಕಟ್ಟುತ್ತೇವೆ, ಅಷ್ಟೇ ವ್ಯತ್ಯಾಸ.

ಹಿಂದೆಯೇ 1878ರಲ್ಲಿ ಡೌನಿ ಬಂತು. ಇಲ್ಲಿ ದಾರಿಯೇ ಔಷಧಿ ಕೊಟ್ಟ ಕತೆ ಐತಿ. ಬೋರ್ಡೋ ಹತ್ತಿರ ಮೆಡಾಕ್ ಸೀಮೆಯಲ್ಲಿ ದಾರಿ ಬದಿಯ ಗೊನೆಗಳನ್ನು ಹೋಗುವವರು ಬರುವವರು ಕಿತ್ತು ತಿನ್ನುತ್ತಿದ್ದರು. ಕಳ್ಳರು ಹೆದರಲಿ ಅಂತ ರೈತರು ಬದಿಯ ಸಾಲುಗಳಿಗೆ ಮೈಲುತುತ್ತ, ಸುಣ್ಣ ಕಲಸಿ ನೀಲಿ ಬಣ್ಣ ಸಿಡಿಸುತ್ತಿದ್ದರು. 1882ರ ಅಕ್ಟೋಬರದಲ್ಲಿ ಬೋರ್ಡೋ ಕಾಲೇಜಿನ ಮಿಲಾರ್ಡೆ ಅಲ್ಲಿ ನಡೆದು ಹೋಗುವಾಗ ನೋಡಿದ್ದು ಏನು? ಒಳಗಿನ ಸಾಲುಗಳ ಎಲೆ ಉದುರಿವೆ, ದಾರಿ ಬದಿಯವು ಹಸಿರಾಗಿವೆ. ಪ್ರಯೋಗ ಮಾಡಿ 1885ರಲ್ಲಿ ಲೆಕ್ಕ ಪ್ರಕಟಿಸಿದ: 100 ಲೀಟರ್ ನೀರಿಗೆ 8 ಕಿಲೋ ಮೈಲುತುತ್ತ, 30 ಲೀಟರ್ ನೀರಿಗೆ 15 ಕಿಲೋ ಸುಣ್ಣ, ಎರಡೂ ಕೂಡಿಸೋದು. ನಾವು ಈಗ ಒಂದು ಪರ್ಸೆಂಟಿಗೆ 100 ಲೀಟರಿಗೆ ಒಂದು ಕಿಲೋ ಹಾಕುತ್ತೇವೆ. ಅವರ ಮೊದಲ ದ್ರಾವಣ ಗಂಜಿಯಂಗೆ ಗಟ್ಟಿ ಇದ್ದಿರಬೇಕು.

ಇನ್ನು ಮುಖ್ಯ ಮಾತಿಗೆ ಬರ್ತೀನಿ. ತೋಟ ಮತ್ತೆ ಚಿಗುರಿತು, ಬೆಳೆ ಬಂತು, ದರ ಬಿತ್ತು. ಯಾಕಂದ್ರೆ ರೋಗದ ಕಾಲದಲ್ಲಿ ವೈನ್ ಕೊರತೆ ಆದಾಗ ವ್ಯಾಪಾರಿಗಳು ಸಕ್ಕರೆ, ನೀರು ಸೇರಿಸಿ ವೈನ್ ಮಾಡೋದು ಕಲಿತಿದ್ದರು. ಅಲ್ಜೀರಿಯಾದಿಂದಲೂ ವೈನ್ ಬರುತ್ತಿತ್ತು. 1903ರಲ್ಲಿ ಸಕ್ಕರೆ ಮೇಲಿನ ತೆರಿಗೆ ಇಳಿಸಿದ್ದರಿಂದ ಕಲಬೆರಕೆ ಇನ್ನೂ ಅಗ್ಗ ಆಯಿತು. ನಿಜವಾದ ದ್ರಾಕ್ಷಿ ಬೆಳೆದವನ ಪೀಪಾಯಿ ಮನೆಯಲ್ಲೇ ಉಳಿಯಿತು.

ಕನಾಲ್ ದ್ಯು ಮಿದಿ ಬದಿಗೆ ಆರ್ಜೆಲಿಯೆ ಅಂತ ಹಳ್ಳಿ. ಅಲ್ಲಿ ಮಾರ್ಸೆಲಿನ್ ಆಲ್ಬೆರ್ ಅನ್ನುವ, ದ್ರಾಕ್ಷಿಯೂ ಬೆಳೆಯುವ, ಸಣ್ಣ ಕಾಫಿ ಅಂಗಡಿಯನ್ನೂ ಇಟ್ಟುಕೊಂಡಿದ್ದ ರೈತ. 1907ರ ಮಾರ್ಚ್ 11ರಂದು 87 ರೈತರು ಕೂಡಿ ನಾರ್ಬೋನ್ ಪಟ್ಟಣಕ್ಕೆ ನಡೆದರು, ಪಾರ್ಲಿಮೆಂಟಿನಿಂದ ಬಂದ ತನಿಖಾ ಸಮಿತಿಗೆ ಹೇಳಿಕೊಳ್ಳಲು. ಬರೀ 87 ಜನ! ಮೂರು ತಿಂಗಳಲ್ಲಿ, ಜೂನ್ 9ಕ್ಕೆ, ಮಾಂಪೆಲಿಯೆಯಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನ ಸೇರಿದರು. ಸರ್ಕಾರ ಸೈನ್ಯ ಕಳಿಸಿತು. ಜೂನ್ 19, 20ರಂದು ನಾರ್ಬೋನಿನಲ್ಲಿ ಗುಂಡು ಹಾರಿತು. ಸತ್ತವರಲ್ಲಿ ಸಂತೆಗೆ ಬಂದಿದ್ದ 20 ವರ್ಷದ ಹುಡುಗಿಯೂ ಒಬ್ಬಳು. ಸುದ್ದಿ ಕೇಳಿದ 17ನೇ ಪದಾತಿ ದಳದ ಸುಮಾರು 500 ಸೈನಿಕರು, ಎಲ್ಲ ಅದೇ ಸೀಮೆಯ ರೈತರ ಮಕ್ಕಳು, ಅಗ್ದ್ ಊರಿನಿಂದ ರಾತ್ರಿ ನಡೆದು ಬೆಜಿಯೇಗೆ ಬಂದು ಕೂತರು. ಕೂತದ್ದು ಎಲ್ಲಿ? ಕಾಲುವೆ ತೋಡಿಸಿದ ರಿಕೆಯ ಹೆಸರಿನ ಬೀದಿಯಲ್ಲೇ. ನಮ್ಮ ಅಪ್ಪಂದಿರ ಮೇಲೆ ನಾವು ಗುಂಡು ಹಾರಿಸಲ್ಲ ಅನ್ನೋದು ಅವರ ನಿಲುವು. ಆಮೇಲೆ ಅವರನ್ನು ಟ್ಯುನಿಷಿಯಾದ ಮರುಭೂಮಿ ಅಂಚಿಗೆ ಕಳಿಸಿದರು.

ಆಲ್ಬೆರ್ ಕತೆ ಮಾತ್ರ ಸಂಕಟದ್ದು. ಪ್ಯಾರಿಸ್ಸಿಗೆ ಹೋಗಿ ಪ್ರಧಾನಿ ಕ್ಲೆಮನ್ಸೋನನ್ನು ಕಂಡ. ವಾಪಸು ಹೋಗಲು ರೈಲಿನ ಖರ್ಚಿಗೆ ಅಂತ ಪ್ರಧಾನಿ ಕೊಟ್ಟ ನೂರು ಫ್ರಾಂಕಿನ ನೋಟನ್ನು ತಗೊಂಡ. ಪ್ರಧಾನಿ ಅದನ್ನೇ ಪತ್ರಿಕೆಯವರಿಗೆ ಹೇಳಿದ. ಅಷ್ಟಕ್ಕೇ ಜನರ ನಂಬಿಕೆ ಹೋಯಿತು. ಆದರೆ ಹೋರಾಟ ವ್ಯರ್ಥ ಆಗಲಿಲ್ಲ. 1907ರ ಜೂನ್ 29ರಂದು ಕಾಯಿದೆ ಬಂತು. ವೈನಿಗೆ ನೀರು, ಸಕ್ಕರೆ ಬೆರೆಸುವುದರ ಮೇಲೆ ಕಟ್ಟುನಿಟ್ಟು, ಪ್ರತಿ ಬೆಳೆಗಾರ ತನ್ನ ತೋಟ, ಇಳುವರಿ ಘೋಷಿಸಬೇಕು. 1935ರಲ್ಲಿ ಊರಿನ ಹೆಸರು ಹಾಕಿ ಮಾರುವ ವೈನಿಗೆ ದೇಶಮಟ್ಟದ ಕಾಯಿದೆ ಆಯಿತು. ಇದರ ಜೊತೆ ಸಹಕಾರಿ ಸಂಘ. ಬೆಜಿಯೇ ಹತ್ತಿರದ ಮಾರೋಸಾನ್ ಹಳ್ಳಿಯವರು 1901ರಲ್ಲೇ ಸಂಘ ಕಟ್ಟಿ, ದಲಾಲಿ ಬಿಟ್ಟು, ಪ್ಯಾರಿಸ್ಸಿನ ಕಾರ್ಮಿಕರ ಸಹಕಾರಿ ಅಂಗಡಿಗಳಿಗೆ ನೇರ ಮಾರಿದರು. ರೈಲು ಅದೇ, ಹಳಿ ಅದೇ. ಕಳಿಸುವವರು ಕೂಡಿಕೊಂಡಿದ್ದರು, ಅದೊಂದೇ ಬದಲು.

ಆಮೇಲೆ ಡಾಂಬರು ರಸ್ತೆ, ಲಾರಿ ಬಂದವು. ಒಮ್ಮೆ ಕಾಲುವೆಯನ್ನು ಸೊರಗಿಸಿದ ರೈಲನ್ನು ಈಗ ಲಾರಿ ಸೊರಗಿಸಿತು. ಹಳ್ಳಿಗಾಡಿನ ಸಣ್ಣ ರೈಲು ಮಾರ್ಗಗಳು ಒಂದೊಂದೇ ಮುಚ್ಚಿದವು. ಹಳಿ ಕಿತ್ತರೂ ನೆಲ ಹಾಗೇ ಉದ್ದಕ್ಕೆ ಉಳಿದಲ್ಲಿ ಹೊಸ ವಿಚಾರ ಹುಟ್ಟಿತು. 1997ರಲ್ಲಿ ಬರ್ಗಂಡಿಯ ಜೀವ್ರಿಯಿಂದ ಕ್ಲೂನಿಯವರೆಗೆ 44 ಕಿಲೋಮೀಟರ್ ಹಳೇ ರೈಲು ನೆಲದ ಮೇಲೆ ಸೈಕಲ್ ದಾರಿ ಮಾಡಿದರು. ಫ್ರಾನ್ಸಿನ ಮೊದಲ 'ಹಸಿರು ದಾರಿ' ಅದೇ. ರೈಲು ಕಡಿದಾದ ದಿಬ್ಬ ಹತ್ತಲ್ಲ, ಅದಕ್ಕೆ ಸೈಕಲ್ಲಿಗೂ ದಣಿವಿಲ್ಲ. ಹಾದಿಯಲ್ಲಿ ಬ್ಯುಕ್ಸಿ ಅನ್ನುವ ಊರು, 1931ರಿಂದ ಅಲ್ಲಿ ರೈತರ ಸಹಕಾರಿ ವೈನ್ ಸಂಘ. ಬೋರ್ಡೋ ಕಡೆಯ ಇಂಥದ್ದೇ ಹಳೇ ರೈಲು ದಾರಿಗೆ ರೋಜೆ ಲಾಪೆಬಿ ಹೆಸರು. 1937ರ ಟೂರ್ ದ ಫ್ರಾನ್ಸ್ ಗೆದ್ದವನು, ಗೇರ್ ಬದಲಿಸುವ ಸೈಕಲ್ಲಿಗೆ ಪಂದ್ಯದಲ್ಲಿ ಒಪ್ಪಿಗೆ ಸಿಕ್ಕ ಮೊದಲ ವರ್ಷ ಅದು. 2004ರಲ್ಲಿ ರಸ್ತೆ ಕಾನೂನಿನಲ್ಲೇ 'ಹಸಿರು ದಾರಿ' ಸೇರಿತು: ಮೋಟಾರ್ ಇಲ್ಲದ ಗಾಡಿ, ನಡೆಯುವವರು, ಕುದುರೆ ಸವಾರರಿಗೆ ಮಾತ್ರ.

ಇನ್ನೊಂದು ಬಗೆಯೂ ಐತಿ. ಬೋನ್ ಪಟ್ಟಣದಿಂದ ಸಾಂತನೆಯವರೆಗೆ ಸುಮಾರು 22 ಕಿಲೋಮೀಟರ್ ದಾರಿ ಪೊಮಾರ್, ವೊಲ್ನೆ, ಮರ್ಸೋ ಊರುಗಳ ತೋಟದೊಳಗಿನ ದಾರಿಯಲ್ಲೇ ಹೋಗುತ್ತದೆ. ಅದು ರೈತರು ತೋಟಕ್ಕೆ ಹೋಗುವ ದಾರಿ. ಕಾರು ಬರಲ್ಲ, ದ್ರಾಕ್ಷಿ ಸಾಲಿನ ಮೇಲೆ ಕಾಲು ಚಾಚಿ ನಿಲ್ಲುವ ಎತ್ತರದ ಟ್ರ್ಯಾಕ್ಟರ್ ಬರುತ್ತದೆ. ಆಗ ಸೈಕಲ್ಲಿನವರು ಬದಿಗೆ ಸರಿಯಬೇಕು.

ಇದರಿಂದ ರೈತನಿಗೆ ಏನು ಸಿಕ್ಕಿತು? ಸೈಕಲ್ಲಿನ ಗಿರಾಕಿ ನಿಧಾನದ ಗಿರಾಕಿ. ಹಳ್ಳಿಯಲ್ಲೇ ಉಣ್ಣಬೇಕು, ಮಲಗಬೇಕು, ನೆಲಮಾಳಿಗೆಗೆ ಇಳಿದು ರುಚಿ ನೋಡಬೇಕು. ಚೀಲದಲ್ಲಿ ಹೆಚ್ಚು ಬಾಟಲಿ ಹಿಡಿಯಲ್ಲ, ಆದರೆ ಬೆಳೆದವನ ಮುಖ ನೋಡಿ ಹೋಗುತ್ತಾನೆ. ದಾರಿಯಿಂದ 5 ಕಿಲೋಮೀಟರ್ ಒಳಗಿನ ಮನೆಗಳಿಗೆ ಸೈಕಲ್ಲಿನವರಿಗೆ ಅನುಕೂಲ ಉಂಟು ಅನ್ನುವ ಫಲಕವನ್ನೂ ಕೊಡುತ್ತಾರೆ. ಅಷ್ಟಕ್ಕೇ ದ್ರಾಕ್ಷಿ ರೈತ ಉದ್ಧಾರ ಆದ ಅಂತ ನಾನು ಹೇಳಲ್ಲ. ದೊಡ್ಡ ದರ ಇವತ್ತಿಗೂ ದೊಡ್ಡ ವ್ಯಾಪಾರಿಗಳ ಕೈಯಲ್ಲೇ ನಿಲ್ಲುತ್ತದೆ.

ನಮ್ಮ ಮನೂಕವೂ ಸಾಂಗ್ಲಿ, ತಾಸಗಾಂವಿಗೆ ಹೋಗಿ ಅಲ್ಲಿ ದರ ಕೇಳುತ್ತದೆ. ದಾರಿ ಚಲೋ ಆಗಿದೆ, ಲಾರಿ ಬೇಗ ಮುಟ್ಟುತ್ತದೆ, ದರ ಮಾತ್ರ ನಮ್ಮ ಕೈಗಿಲ್ಲ. ಆ ದೇಶದವರ 340 ವರ್ಷದ ಕತೆ ಹೇಳೋದು ಇಷ್ಟೇ: ದಾರಿ ತಾನಾಗಿ ಯಾರ ಪರವೂ ಅಲ್ಲ. ಒಂಟಿ ರೈತನ ಮನೆ ಮುಂದೆ ಅದು ವ್ಯಾಪಾರಿಯನ್ನು ತರುತ್ತದೆ, ಕೂಡಿ ನಿಂತ ರೈತರ ಮುಂದೆ ಗಿರಾಕಿಯನ್ನು ತರುತ್ತದೆ. ಇನ್ನೊಂದು, ರೈಲು ನಿಂತ ಮೇಲೆ ಆ ನೆಲವನ್ನು ಅಕ್ಕಪಕ್ಕದವರು ಒಂದೊಂದು ಸಾಲು ಒತ್ತಿಕೊಂಡಿದ್ದರೆ 44 ಕಿಲೋಮೀಟರ್ ದಾರಿ ಎಲ್ಲಿರುತ್ತಿತ್ತು? ನಮ್ಮೂರ ನಕಾಶೆಯಲ್ಲಿ ಇರುವ ಬಂಡಿದಾರಿಗಳು ನೆಲದ ಮೇಲೆ ಎಷ್ಟು ಉಳಿದಿವೆ, ನಿಮ್ಮ ನಿಮ್ಮ ಬದುವಿನ ಹತ್ತಿರ ನಿಂತು ಒಮ್ಮೆ ನೋಡ್ರಿ.